‘ಪರವಾಗಿಲ್ಲ’ ಅಂದ್ರೆ ಹತ್ತಕ್ಕೆ ಎಷ್ಟು?

ಕಳೆದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಗದೆ ನಾವು ನಾಲ್ಕು ಜನ ಒದ್ದಾಡ್ತಾ ಇದ್ದಾಗಲೇ ನಮ್ಮಲ್ಲೊಬ್ಬಳ ಅಜ್ಜಿಗೆ ಮಂಡಿ ಆಪರೇಷನ್ ಆಯಿತು. ಸವೆದುಹೋದ ಕೀಲು ತೆಗೆದು ಹೊಸ ಕೀಲು ಹಾಕುವ ಆಪರೇಷನ್. ಮಾತಾಡಿಸಿಕೊಂಡು ಬರೋಣ ಅಂತ ಕಿತ್ತಳೆ ಹಣ್ಣು ತಗೊಂಡು ಆಸ್ಪತ್ರೆಗೆ ಹೋದೆವು. ಮಂಚದ ಕಾಲಿನ ಕಡೆ ಒಂದು ಚಾರ್ಟ್ ನೇತುಹಾಕಿದ್ದರು. ಜ್ವರ, ನಾಡಿ, ಬಿಪಿ, ಉಸಿರಾಟ, ಕೊನೆಯಲ್ಲಿ ‘ನೋವು, 0ರಿಂದ 10’ ಅಂತ ಒಂದು ಸಾಲು. ಎಂಜಿನಿಯರಿಂಗ್ ಓದುವವರಿಗೆ ಟೇಬಲ್ ಕಂಡರೆ ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತೆ. ಮೂರು ದಿನದ ಎಲ್ಲಾ ಪಾಳಿಗಳಲ್ಲೂ ನೋವಿನ ಸಾಲಿನಲ್ಲಿ ಒಂದೇ ಅಂಕಿ, 2. ಗ್ರಾಫ್ ಹಾಕಿದ್ದರೆ ಸ್ಕೇಲ್ ಇಟ್ಟು ಎಳೆದ ಗೆರೆ ಆಗ್ತಿತ್ತು.

ಆದರೆ ರಾತ್ರಿ ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗುತ್ತಿದ್ದ ಮೊಮ್ಮಗಳಿಗೆ ಬೇರೆಯೇ ಗೊತ್ತಿತ್ತು. ಅಜ್ಜಿ ಮೂರು ರಾತ್ರಿಯೂ ಕಣ್ಣು ಮುಚ್ಚಿರಲಿಲ್ಲ. ಸೆರಗು ಬಾಯಿಗೆ ಒತ್ತಿ ಹಿಡಿದುಕೊಂಡು ಬೆಳಗು ಮಾಡಿದ್ದರು. “ಯಾಕಜ್ಜಿ ಮತ್ತೆ ಎರಡು ಅಂತೀಯಾ?” ಅಂತ ಅವಳು ನಮ್ಮೆದುರೇ ಕೇಳಿದಳು.

“ಆ ನರ್ಸ್ ಹುಡುಗಿ ಪಾಪ, ಎಷ್ಟು ಜನಾನ ಅಂತ ನೋಡ್ಕೋತಾಳೆ? ಜಾಸ್ತಿ ಅಂದ್ರೆ ಇನ್ನೆರಡು ದಿನ ಇಲ್ಲೇ ಇಟ್ಕೋತಾರೆ. ಬಿಲ್ಲು ಕಟ್ಟೋದು ನಿಮ್ಮಪ್ಪ ತಾನೇ?” ಅಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಾ, ನಾನು ಎಂಟು ಅಂದ್ರೆ ಏನ್ ಮಾಡ್ತಾರೆ?” ಅಂತಲೂ ಕೇಳಿದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪ್ರಾಜೆಕ್ಟ್‌ಗೆ ವಿಷಯ ಮಾತ್ರ ಸಿಕ್ಕಿತ್ತು. ರೋಗಿ ಹೇಗಿದ್ದಾರೆ ಅನ್ನುವುದನ್ನು ಅಳೆಯುವುದು ಹೇಗೆ? ಒಂದು ಸೆಮಿಸ್ಟರ್ ಪೂರ್ತಿ ಓದಿ, ಕೇಳಿ, ಎರಡು ಸಲ ತಪ್ಪು ಮಾಡಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರೋಬ್ ಇಡೋಕೆ ಜಾಗ ಇಲ್ಲ

ಮೆಷರ್‌ಮೆಂಟ್ಸ್ ಲ್ಯಾಬ್‌ನಲ್ಲಿ ನಮಗೆ ಎಲ್ಲವೂ ಸುಲಭ. ವೋಲ್ಟೇಜ್ ಬೇಕಾದರೆ ಎರಡು ಪ್ರೋಬ್ ಇಡು, ಓದು, ಬರೆದುಕೋ. ಆಸ್ಪತ್ರೆಯಲ್ಲೂ ಎಷ್ಟೋ ವಿಷಯ ಹಾಗೇ. ಜ್ವರಕ್ಕೆ ಥರ್ಮಾಮೀಟರ್, ಸಕ್ಕರೆಗೆ ಗ್ಲುಕೋಮೀಟರ್, ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್. ಅಜ್ಜಿಯ ಮಂಡಿ ಎಷ್ಟು ಡಿಗ್ರಿ ಮಡಚುತ್ತೆ ಅಂತ ಅಳೆಯೋಕೂ ಒಂದು ಕೋನಮಾಪಕ ಇದೆ. ಆದರೆ ‘ಅಜ್ಜಿ ನೆಮ್ಮದಿಯಾಗಿದ್ದಾರಾ?’ ಅನ್ನುವುದಕ್ಕೆ ಪ್ರೋಬ್ ಇಡೋಕೆ ಜಾಗವೇ ಇಲ್ಲ. ಕೇಳಬೇಕು. ಅಂದರೆ ಇಲ್ಲಿ ಪ್ರಶ್ನೆಯೇ ಇನ್‌ಸ್ಟ್ರುಮೆಂಟ್. ಇನ್‌ಸ್ಟ್ರುಮೆಂಟ್‌ಗೆ ಇರುವ ಎಲ್ಲ ಕಾಯಿಲೆಗಳೂ, ಅಂದರೆ ಜೀರೋ ಎರರ್, ಡ್ರಿಫ್ಟ್, ಕ್ಯಾಲಿಬ್ರೇಷನ್ ತಪ್ಪುವುದು, ಎಲ್ಲವೂ ಪ್ರಶ್ನೆಗೂ ಬರುತ್ತವೆ.

ವೈದ್ಯರು ಇದನ್ನು ಬಹಳ ಕಾಲ ಕೇಳದೆಯೇ ಅಳೆಯಲು ನೋಡಿದರು. 1949ರಲ್ಲಿ ಅಮೆರಿಕದ ಕಾರ್ನೋಫ್ಸ್ಕಿ ಮತ್ತು ಬರ್ಚೆನಲ್ ಕ್ಯಾನ್ಸರ್ ರೋಗಿಗಳಿಗಾಗಿ ಒಂದು ಸ್ಕೇಲ್ ಮಾಡಿದರು. ಆರಾಮಾಗಿ ಓಡಾಡಿಕೊಂಡಿದ್ದರೆ 100, ಸಾವು ಅಂದರೆ 0, ನಡುವೆ ಹತ್ತು ಹತ್ತರ ಮೆಟ್ಟಿಲು. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅಂಕ ಕೊಡುವುದು ಡಾಕ್ಟರ್, ರೋಗಿ ಅಲ್ಲ. ಒಂಥರಾ ನಮ್ಮ ಇಂಟರ್ನಲ್ಸ್ ಇದ್ದ ಹಾಗೆ.

ರೋಗಿಯೇ ತುಂಬುವ ಅಳತೆಗಳು ನಿಧಾನವಾಗಿ ಬಂದವು. ಇಂಗ್ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆ 2009ರಿಂದ ಸೊಂಟ ಮತ್ತು ಮಂಡಿ ಕೀಲು ಬದಲಾಯಿಸಿಕೊಳ್ಳುವವರಿಗೆ ಆಪರೇಷನ್‌ಗೆ ಮೊದಲೊಮ್ಮೆ, ಕೆಲವು ತಿಂಗಳಾದ ಮೇಲೊಮ್ಮೆ ಪ್ರಶ್ನಾವಳಿ ಕೊಡಲು ಶುರುಮಾಡಿತು. ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿ ಕೂತಿದೆ, ಸರಿ. ಆದರೆ ಮನುಷ್ಯ ಮೆಟ್ಟಿಲು ಹತ್ತುತ್ತಾನಾ? ಮಂಡಿಗೆ ಅವರು ಬಳಸುವುದು ಆಕ್ಸ್‌ಫರ್ಡ್ ನೀ ಸ್ಕೋರ್ ಅನ್ನುವ 12 ಪ್ರಶ್ನೆಗಳ ಪಟ್ಟಿ. ಪ್ರತಿ ಪ್ರಶ್ನೆಗೆ 0ರಿಂದ 4, ಒಟ್ಟು 48. ಮಂಡಿಯೂರಿ ಮತ್ತೆ ಏಳೋಕಾಗುತ್ತಾ, ಕಾರು ಅಥವಾ ಬಸ್ ಹತ್ತಿ ಇಳಿಯೋಕಾಗುತ್ತಾ, ಒಬ್ಬರೇ ಹೋಗಿ ಮನೆ ಸಾಮಾನು ತರೋಕಾಗುತ್ತಾ, ಹೀಗೆ.

ನಾವು ಇದನ್ನು ಅಜ್ಜಿಗೆ ಸುಮ್ಮನೆ ಓದಿ ಹೇಳಿದೆವು. ಅಜ್ಜಿ ಕೇಳಿದ್ದು ಒಂದೇ ಮಾತು. “ನೆಲದ ಮೇಲೆ ಕೂತು ಎದ್ದೇಳೋದು ಯಾವ ಪ್ರಶ್ನೆಲಿದೆ?” ಸಾಮಾನು ತರೋಕೆ ಅವರು ಹೋಗಿ ಹತ್ತು ವರ್ಷ ಆಗಿರಬೇಕು, ಅದು ಮಗನ ಕೆಲಸ. ಅವರ ಚಿಂತೆ ಬಾಗಿಲ ಮುಂದಿನ ರಂಗೋಲಿ, ಚಕ್ಕಳಮಕ್ಕಳ ಹಾಕಿ ಕೂರುವ ಪೂಜೆ, ಊರಿಗೆ ಹೋದರೆ ಅಲ್ಲಿನ ಇಂಡಿಯನ್ ಟಾಯ್ಲೆಟ್. ಪ್ರಶ್ನೆ ಬರೆದವರ ಬದುಕು ಬೇರೆ, ಉತ್ತರ ಕೊಡುವವರ ಬದುಕು ಬೇರೆ. ಇದಕ್ಕೆ ಪಠ್ಯದಲ್ಲಿ ‘ವ್ಯಾಲಿಡಿಟಿ’ ಅನ್ನುತ್ತಾರೆ: ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೇವಾ ಅನ್ನುವುದು. ಆ್ಯಮೀಟರ್ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಉಷ್ಣತೆ ಓದೋಕಾಗಲ್ಲ.

ಐದು ಪ್ರಶ್ನೆ, ಗುಣಿಸು ನಾಲ್ಕು

‘ವೆಲ್‌ಬೀಯಿಂಗ್’ಗೆ ಕನ್ನಡದಲ್ಲಿ ಏನು ಅಂತ ನಾವು ಕ್ಯಾಂಟೀನ್‌ನಲ್ಲಿ ಕೂತು ಅರ್ಧ ದಿನ ಜಗಳ ಆಡಿದೆವು. ಡಿಕ್ಷನರಿ ‘ಯೋಗಕ್ಷೇಮ’ ಅನ್ನುತ್ತೆ. ಅದು ಹಳೇ ಕಾಗದದ ಭಾಷೆ, ‘ಇಲ್ಲಿ ನಾವೆಲ್ಲ ಕ್ಷೇಮ’ ಅನ್ನುವ ಥರ. ಬಾಗಲಕೋಟೆಯವನು “ಆರಾಮ್ ಅನ್ನೋದ ಬಿಟ್ರ ಬ್ಯಾರೆ ಶಬ್ದ ಬೇಕಾಗಿಲ್ಲ” ಅಂದ. ಮಂಗಳೂರಿನವಳು ಸೌಖ್ಯ ಅಂದಳು. ಮೈಸೂರು ಕಡೆಯ ನಮಗೆ ಬಾಯಿಗೆ ಬರುವುದು ‘ಹುಷಾರು’. ಹುಷಾರಿಲ್ಲ ಅಂದರೆ ಕಾಯಿಲೆ, ಹುಷಾರಾದರು ಅಂದರೆ ಗುಣವಾಯಿತು, ಹುಷಾರು ಅಂತ ಕೂಗಿದರೆ ಎದುರಿಗೆ ಗುಂಡಿ ಇದೆ. ಕೊನೆಗೆ ‘ನೆಮ್ಮದಿ’ ಅಂತ ಇಟ್ಟುಕೊಂಡೆವು. ಪೂರ್ತಿ ಸರಿ ಅಲ್ಲ, ಆದರೆ ಅಜ್ಜಿಗೆ ಅರ್ಥ ಆಗುತ್ತೆ. (ನಾಲ್ವರೂ ಇಂಗ್ಲಿಷ್ ಮೀಡಿಯಂನವರು. ಈ ಲೇಖನದಲ್ಲಿ ಒತ್ತಕ್ಷರ ತಪ್ಪಿದ್ದರೆ ಬಳಗದವರು ಕ್ಷಮಿಸಬೇಕು.)

ನೆಮ್ಮದಿ ಅಳೆಯುವ ಪ್ರಶ್ನಾವಳಿಗಳಲ್ಲಿ ತುಂಬಾ ಚಿಕ್ಕದು, ತುಂಬಾ ಹರಡಿರುವುದು ಡಬ್ಲ್ಯುಎಚ್‌ಒ-5. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 1998ರಲ್ಲಿ ಹೊರತಂದದ್ದು. ಇದರ ಹಿಂದೆ ಡೆನ್ಮಾರ್ಕ್‌ನ ಮನೋವೈದ್ಯ ಪೆರ್ ಬೆಕ್ ಅವರ ಕೆಲಸ ಇದೆ. ಕಳೆದ ಎರಡು ವಾರದ ಬಗ್ಗೆ ಐದು ವಿಷಯ ಕೇಳುತ್ತೆ. ಮನಸ್ಸು ಖುಷಿಯಾಗಿತ್ತಾ, ಶಾಂತವಾಗಿತ್ತಾ, ಮೈಯಲ್ಲಿ ಶಕ್ತಿ ಇತ್ತಾ, ಬೆಳಿಗ್ಗೆ ಎದ್ದಾಗ ನಿದ್ದೆ ಆದ ಹಾಗೆ ಅನ್ನಿಸ್ತಾ, ದಿನದಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಇತ್ತಾ. ಪ್ರತಿಯೊಂದಕ್ಕೂ ‘ಒಂದು ಸಲವೂ ಇಲ್ಲ’ ಅಂದರೆ 0, ‘ಸದಾ’ ಅಂದರೆ 5. ಕೂಡಿಸಿದರೆ 0ರಿಂದ 25. ಅದನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಬರುತ್ತೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಅಂತಲ್ಲ. ಈ ಮನುಷ್ಯನ ಜೊತೆ ಕೂತು ಇನ್ನೂ ಸ್ವಲ್ಪ ಮಾತಾಡಿ, ಖಿನ್ನತೆ ಇದೆಯಾ ನೋಡಿ ಅಂತ ಡಾಕ್ಟರ್‌ಗೆ ಒಂದು ಸೂಚನೆ ಅಷ್ಟೇ. ನಮಗೆ ಇದರಲ್ಲಿ ತುಂಬಾ ಇಷ್ಟ ಆದದ್ದು ಅಂದರೆ ಐದೂ ಪ್ರಶ್ನೆ ಒಳ್ಳೆಯದರ ಬಗ್ಗೆಯೇ ಇವೆ. ‘ನಿಮಗೆ ಏನು ತೊಂದರೆ?’ ಅಂತ ಒಂದೂ ಕೇಳಲ್ಲ. ತೊಂದರೆ ಕೇಳಿದರೆ ನಮ್ಮ ಜನ ‘ಪರವಾಗಿಲ್ಲ’ ಅಂದುಬಿಡುತ್ತಾರಲ್ಲ.

ಮೊದಲ ತಪ್ಪು ಮಾಡಿದ್ದು ಇಲ್ಲೇ. ನಾವೇ ಒಂದು ಸಂಜೆ ಕೂತು ಕನ್ನಡಕ್ಕೆ ಅನುವಾದ ಮಾಡಿಕೊಂಡು, ಅಜ್ಜಿ ಮನೆಗೆ ಬಂದ ಎರಡು ವಾರಕ್ಕೆ ಹೋಗಿ ಕೇಳಿದೆವು. ಮೂರನೇ ಪ್ರಶ್ನೆಗೆ ನಾವು ಹಾಕಿದ್ದ ಪದ ‘ಚೈತನ್ಯ’. “ಕಳೆದ ಎರಡು ವಾರದಲ್ಲಿ ಚೈತನ್ಯ ಇತ್ತಾ ಅಜ್ಜಿ?” ಅಜ್ಜಿ ಗೊಂದಲದಿಂದ ಮೊಮ್ಮಗಳ ಮುಖ ನೋಡಿ, “ಚೈತನ್ಯ ಯಾರೇ? ನಿನ್ ಕ್ಲಾಸ್‌ಮೇಟಾ?” ಅಂದರು.

ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ಅಜ್ಜಿ ಕೇಳಿದರು, ಆದ್ದರಿಂದ ನಮಗೆ ಗೊತ್ತಾಯಿತು. ಕೇಳದೆ ಸುಮ್ಮನೆ ‘ಹೂಂ, ಇತ್ತು’ ಅಂದಿದ್ದರೆ ನಾವು 4 ಅಂತ ಬರೆದುಕೊಂಡು, ಎಕ್ಸೆಲ್‌ಗೆ ಹಾಕಿ, ಬಣ್ಣದ ಬಾರ್ ಚಾರ್ಟ್ ಮಾಡಿ ತೋರಿಸ್ತಿದ್ದೆವು.

ಆಮೇಲೆ ಓದಿದಾಗ ಗೊತ್ತಾಯಿತು, ಇದಕ್ಕೆ ಒಂದು ಪದ್ಧತಿಯೇ ಇದೆ ಅಂತ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು. ಎರಡನ್ನೂ ಸೇರಿಸಿ ಒಂದು ಮಾಡಬೇಕು. ಮೂಲವನ್ನೇ ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷ್‌ಗೆ ತಿರುಗಿಸಬೇಕು. ಹೊರಟ ಜಾಗಕ್ಕೇ ವಾಪಸ್ ಬಂದಿದ್ದೇವಾ ಅಂತ ನೋಡಬೇಕು. ಕೊನೆಗೆ ಕೆಲವು ರೋಗಿಗಳಿಗೆ ಓದಿ ಹೇಳಿ, ‘ನಿಮಗೆ ಏನಂತ ಅರ್ಥ ಆಯಿತು?’ ಅಂತ ಅವರ ಮಾತಲ್ಲೇ ಕೇಳಬೇಕು. ನಾವೂ ಮಾಡಿ ನೋಡಿದೆವು. ‘ಕಾಮ್’ ಅನ್ನುವುದಕ್ಕೆ ‘ನಿರಾಳ’ ಅಂತ ಹಾಕಿದ್ದೆವು. ಹಾಸ್ಟೆಲ್ ಗೆಳೆಯನೊಬ್ಬ ಅದನ್ನು ‘ರಿಲೀವ್ಡ್’ ಅಂತ ವಾಪಸ್ ತಂದ. ಅವನದು ತಪ್ಪಲ್ಲ. ನಿರಾಳ ಅಂದರೆ ಒಂದು ಭಾರ ಇತ್ತು, ಈಗ ಇಳಿಯಿತು ಅಂತ. ಭಾರವೇ ಇಲ್ಲದೆ ಶಾಂತವಾಗಿರುವುದು ಬೇರೆ. ಅದೇ ರೀತಿ ‘ಅರ್ಧಕ್ಕಿಂತ ಹೆಚ್ಚು ಸಮಯ’ ಅನ್ನುವ ಆಯ್ಕೆ ಅಜ್ಜಿಗೆ ತಲೆಗೇ ಹೋಗಲಿಲ್ಲ. “ವಾರದಲ್ಲಿ ನಾಲ್ಕೈದು ದಿನ ಹಾಗಿತ್ತಾ?” ಅಂತ ಕೇಳಿದ ಮೇಲೆ ಬೆರಳು ಮಡಚಿ ಲೆಕ್ಕ ಹಾಕಿದರು.

ಹೀಗೆ ಮಾತಾಡುತ್ತಾ ಮಾತಾಡುತ್ತಾ ಸಿಕ್ಕ ಉತ್ತರ: ಖುಷಿ 3, ಶಾಂತಿ 2, ಶಕ್ತಿ 1, ನಿದ್ದೆ 0, ಮನಸ್ಸಿಗೆ ಹಿಡಿಸಿದ್ದು 3 (ಮೊಮ್ಮಕ್ಕಳು, ಸೀರಿಯಲ್). ಒಟ್ಟು 9, ಗುಣಿಸು 4, ಮೂವತ್ತಾರು. ಮನೆಗೆ ಬಂದ ಮೇಲೂ ನೋವು ಎಷ್ಟು ಅಂದರೆ ಅಜ್ಜಿಯದು ಅದೇ ‘ಎರಡು’. ಆ ಎರಡರ ಪಕ್ಕ ಈ ನಿದ್ದೆಯ ಸೊನ್ನೆ ಇಟ್ಟು ನೋಡಿ.

ಎಲ್ಲರೂ ಐದು ಒತ್ತಿದ ಫಾರ್ಮ್

ಇನ್ನೊಂದು ಗುಣ ಬೇಕು, ‘ರಿಲಯಬಿಲಿಟಿ’. ಅದೇ ಮನುಷ್ಯನನ್ನು ಅದೇ ಸ್ಥಿತಿಯಲ್ಲಿ ಮತ್ತೆ ಅಳೆದರೆ ಅದೇ ಉತ್ತರ ಬರಬೇಕು. ಜೊತೆಗೆ ಒಂದೇ ವಿಷಯ ಕೇಳುವ ಪ್ರಶ್ನೆಗಳು ಒಂದಕ್ಕೊಂದು ಹೊಂದಬೇಕು. ಈ ಹೊಂದಾಣಿಕೆಗೆ ಲೀ ಕ್ರಾನ್‌ಬಾಕ್ 1951ರಲ್ಲಿ ಬರೆದ ಆಲ್ಫಾ ಅನ್ನುವ ಸಂಖ್ಯೆಯನ್ನು ಎಲ್ಲರೂ ಬಳಸುತ್ತಾರೆ. ಲೆಕ್ಕ ಕಷ್ಟ ಇಲ್ಲ. ಒಂದೊಂದು ಪ್ರಶ್ನೆಯ ವೇರಿಯನ್ಸ್ ತೆಗೆದು ಕೂಡಿಸಿ. ಅದನ್ನು ಒಟ್ಟು ಅಂಕದ ವೇರಿಯನ್ಸ್‌ನಿಂದ ಭಾಗಿಸಿ. ಒಂದರಿಂದ ಕಳೆಯಿರಿ. ಕೊನೆಗೆ, ಪ್ರಶ್ನೆಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ಸಾಮಾನ್ಯವಾಗಿ 0.7ಕ್ಕಿಂತ ಮೇಲೆ ಬಂದರೆ ‘ಪರವಾಗಿಲ್ಲ’ ಅನ್ನುತ್ತಾರೆ. ಅಲ್ಲೂ ಪರವಾಗಿಲ್ಲ!

ಆದರೆ ಒಂದು ತಮಾಷೆ ನೋಡಿ. ಸೆಮಿಸ್ಟರ್ ಕೊನೆಗೆ ನಾವೆಲ್ಲ ತುಂಬುವ ಫೀಡ್‌ಬ್ಯಾಕ್ ಫಾರ್ಮ್ ನೆನಪಿಸಿಕೊಳ್ಳಿ. ಪ್ರಶ್ನೆ ಓದದೆ ಒಬ್ಬ ಎಲ್ಲದಕ್ಕೂ ಐದು ಒತ್ತುತ್ತಾನೆ. ಸಿಟ್ಟಿನಲ್ಲಿದ್ದವನು ಎಲ್ಲದಕ್ಕೂ ಎರಡು. ಮೂರನೆಯವಳು ಎಲ್ಲದಕ್ಕೂ ನಾಲ್ಕು. ಈ ಡೇಟಾಗೆ ಆಲ್ಫಾ ಎಷ್ಟು? ಎಲ್ಲ ಪ್ರಶ್ನೆಗೂ ಒಂದೇ ವೇರಿಯನ್ಸ್ ಇದ್ದು, ಪ್ರಶ್ನೆಗಳು ಕೆ ಇದ್ದರೆ, ಒಟ್ಟಿನ ವೇರಿಯನ್ಸ್ ಅದರ ಕೆ ವರ್ಗದಷ್ಟು ಆಗುತ್ತೆ. ಸೂತ್ರಕ್ಕೆ ಹಾಕಿದರೆ ಉತ್ತರ ಸರಿಯಾಗಿ 1. ಒಬ್ಬರೂ ಪ್ರಶ್ನೆ ಓದಿಲ್ಲ, ಆದರೂ ರಿಲಯಬಿಲಿಟಿ ಪರ್ಫೆಕ್ಟ್. ಅಜ್ಜಿಯ ಚಾರ್ಟ್‌ನ ಕಥೆಯೂ ಇದೇ. ಮೂರು ದಿನ 2, 2, 2. ಇದಕ್ಕಿಂತ ಸ್ಥಿರವಾದ ರೀಡಿಂಗ್ ನಮ್ಮ ಲ್ಯಾಬ್‌ನಲ್ಲೂ ಬಂದಿಲ್ಲ. ಮುಳ್ಳು ಅಂಟಿಕೊಂಡಿರುವ ಮೀಟರ್ ಕೂಡ ಸ್ಥಿರವಾಗಿಯೇ ಇರುತ್ತೆ.

ಸರಾಸರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. 1946ರಲ್ಲಿ ಎಸ್. ಎಸ್. ಸ್ಟೀವನ್ಸ್ ಅನ್ನುವ ಮನಃಶಾಸ್ತ್ರಜ್ಞ ಅಳತೆಗಳನ್ನು ನಾಲ್ಕು ಜಾತಿ ಮಾಡಿದರು. ಅದರಲ್ಲಿ ಒಂದು ಬರೀ ಕ್ರಮದ ಅಳತೆ. ಮೊದಲು, ಎರಡನೇ, ಮೂರನೇ ಅಂತ ಗೊತ್ತಾಗುತ್ತೆ, ನಡುವಿನ ಅಂತರ ಗೊತ್ತಾಗಲ್ಲ. ನೋವು 2ರಿಂದ 4ಕ್ಕೆ ಹೋಗುವುದೂ 7ರಿಂದ 9ಕ್ಕೆ ಹೋಗುವುದೂ ಒಂದೇನಾ? ಯಾರೂ ಹಾಗೆ ಹೇಳೋಕಾಗಲ್ಲ. ಆದರೂ ಕೂಡಿಸಿ ಭಾಗಿಸಿ ಸರಾಸರಿ ತೆಗೆಯುತ್ತೇವೆ. ಕೆಲಸ ನಡೆಯುತ್ತೆ, ಅದಕ್ಕೇ ತೆಗೆಯುತ್ತಾರೆ. ಎಚ್ಚರ ಇರಬೇಕು ಅಷ್ಟೇ.

ಈ ಅಂತರದ ಸಮಸ್ಯೆಯನ್ನು ನೇರವಾಗಿ ಎದುರಿಸಿದ್ದು ಇಕ್ಯು-5ಡಿ. 1987ರಲ್ಲಿ ಶುರುವಾದ ಯೂರೋಕಾಲ್ ಅನ್ನುವ ಸಂಶೋಧಕರ ಗುಂಪಿನದು. ಓಡಾಟ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ದಿನದ ಕೆಲಸಗಳು, ನೋವು, ಆತಂಕ ಅಥವಾ ಬೇಸರ. ಈ ಐದಕ್ಕೆ ಒಂದರಿಂದ ಐದರವರೆಗೆ ಮಟ್ಟ. ಅಜ್ಜಿಯದು ಆಗ 33432 ಅಂತ ಬಂತು. ಐದರ ಐದನೇ ಘಾತ, ಅಂದರೆ 3125 ಸ್ಥಿತಿಗಳು. ಒಂದೊಂದಕ್ಕೂ ಬೆಲೆ ಕಟ್ಟೋದು ಹೇಗೆ? ಸಾಮಾನ್ಯ ಜನರನ್ನು ಕೂರಿಸಿ ಕೇಳುತ್ತಾರೆ: ‘ಈ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದು ಒಂದು ಕಡೆ, ಪೂರ್ತಿ ಆರೋಗ್ಯವಾಗಿ ಆರೇ ವರ್ಷ ಇನ್ನೊಂದು ಕಡೆ. ಯಾವುದು ಬೇಕು?’ ಎರಡೂ ಒಂದೇ ಅನ್ನಿಸುವ ಜಾಗದಲ್ಲಿ ನಿಂತರೆ ಆ ಸ್ಥಿತಿಯ ಬೆಲೆ 0.6. ಅಂಥ ಸ್ಥಿತಿಯಲ್ಲಿ ಐದು ವರ್ಷ ಅಂದರೆ 3 ಪೂರ್ಣ ವರ್ಷಕ್ಕೆ ಸಮ ಅಂತ ಲೆಕ್ಕ. ಸರ್ಕಾರದ ದುಡ್ಡಲ್ಲಿ ಯಾವ ಚಿಕಿತ್ಸೆ ಕೊಡಬೇಕು ಅಂತ ನಿರ್ಧಾರ ಮಾಡುವಾಗ ಬಳಸುವ ಲೆಕ್ಕ ಇದು. ಕೆಲವು ಸ್ಥಿತಿಗಳಿಗೆ ಜನ ಸೊನ್ನೆಗಿಂತ ಕೆಳಗೆ ಬೆಲೆ ಕೊಡುತ್ತಾರೆ, ಅಂದರೆ ಸಾವಿಗಿಂತ ಕಡೆ ಅಂತ. ಭಾರತದ ಜನರನ್ನೇ ಕೇಳಿ ಮಾಡಿದ ಬೆಲೆಪಟ್ಟಿ 2022ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ನಮ್ಮ ಸಂಶೋಧಕರು ಬೇರೆ ದೇಶದ ಪಟ್ಟಿಗಳನ್ನು ಎರವಲು ತರಬೇಕಿತ್ತು. ನೆಲದ ಮೇಲೆ ಕೂರೋಕಾಗದಿದ್ದರೆ ಏನು ನಷ್ಟ ಅಂತ ಬೇರೆ ದೇಶದವರನ್ನು ಕೇಳಿದ ಹಾಗೆ.

ಅಳತೆಗೋಲೇ ಹಿಗ್ಗಿದರೆ

ಸ್ಟೀಲ್ ಸ್ಕೇಲ್ ಬಿಸಿಲಲ್ಲಿ ಹಿಗ್ಗುತ್ತೆ ಅಂತ ಫಿಸಿಕ್ಸ್‌ನಲ್ಲಿ ಓದಿದ್ದೇವೆ. ಮನುಷ್ಯನೊಳಗಿನ ಸ್ಕೇಲ್ ಕೂಡ ಹಾಗೇ. ಒಂದು ದೊಡ್ಡ ಕಾಯಿಲೆ ದಾಟಿದವರು ಮೊದಲು ‘ತಡೆಯೋಕಾಗಲ್ಲ’ ಅನ್ನುತ್ತಿದ್ದ ನೋವಿಗೆ ಆಮೇಲೆ ‘ಇಷ್ಟೇನಾ’ ಅನ್ನುತ್ತಾರೆ. ನೋವು ಕಡಿಮೆ ಆಗಿರದೆ ಇರಬಹುದು, ಹತ್ತು ಅನ್ನುವುದರ ಅರ್ಥ ಬದಲಾಗಿರುತ್ತೆ. ಇದಕ್ಕೆ ‘ರೆಸ್ಪಾನ್ಸ್ ಶಿಫ್ಟ್’ ಅಂತ ಹೆಸರು. ಮೂರು ಹೆರಿಗೆ ಕಂಡ ಅಜ್ಜಿಯ ಎರಡಕ್ಕೂ, ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಂಡ ನಮ್ಮ ಟೀಮ್‌ನವನ ಎಂಟಕ್ಕೂ ನಡುವೆ ಸಮೀಕರಣ ಬರೆಯೋಕಾಗಲ್ಲ. ಅದಕ್ಕೇ ಒಬ್ಬರ ಅಂಕವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದಕ್ಕಿಂತ, ಅದೇ ಮನುಷ್ಯನ ನಿನ್ನೆಯ ಅಂಕದ ಜೊತೆ ಹೋಲಿಸುವುದು ಒಳ್ಳೆಯದು.

ಇದು ಒಬ್ಬರ ಮಟ್ಟದಲ್ಲಿ ಆಯಿತು. ಇಡೀ ರಾಜ್ಯಗಳ ಮಟ್ಟದಲ್ಲೂ ಆಗುತ್ತೆ ಅಂತ ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕೇರಳದವರು ಬಿಹಾರದವರಿಗಿಂತ ಎಷ್ಟೋ ಹೆಚ್ಚು ವರ್ಷ ಬದುಕುತ್ತಾರೆ. ಆದರೆ ‘ನಿಮಗೆ ಕಾಯಿಲೆ ಇದೆಯಾ?’ ಅಂತ ಸರ್ವೇ ಮಾಡಿದರೆ ಕೇರಳದವರೇ ಹೆಚ್ಚು ಕಾಯಿಲೆ ಹೇಳುತ್ತಾರೆ. ಅಮೆರಿಕದವರು ಅವರಿಗಿಂತಲೂ ಹೆಚ್ಚು. ಓದು, ಆಸ್ಪತ್ರೆ, ಡಾಕ್ಟರ್ ಹತ್ತಿರ ಇರುವ ಕಡೆ ಜನ ತಮ್ಮ ತೊಂದರೆಯನ್ನು ಗುರುತಿಸುತ್ತಾರೆ, ಹೇಳುತ್ತಾರೆ. ಇಲ್ಲದ ಕಡೆ ಸೊಂಟ ನೋವು ಬದುಕಿನ ಭಾಗ ಆಗಿಬಿಟ್ಟಿರುತ್ತೆ. ಬರೀ ಸರ್ವೇ ನಂಬಿ ದುಡ್ಡು ಹಂಚಿದರೆ ಸುಮ್ಮನಿದ್ದವರಿಗೆ ಏನೂ ಸಿಗಲ್ಲ. ನಾವು ಇದನ್ನು ಓದಿದ ದಿನ ಅಜ್ಜಿಯ ಎರಡು ನಮಗೆ ಪೂರ್ತಿ ಅರ್ಥ ಆಯಿತು.

ಹಾಗಂತ ಎಲ್ಲರನ್ನೂ ಒತ್ತಾಯ ಮಾಡಿ ಕೇಳಿ, ಅಂಕ ಇಳಿಸುವುದನ್ನೇ ಗುರಿ ಮಾಡಿಕೊಂಡರೆ? ಅಮೆರಿಕದಲ್ಲಿ ಅದೂ ಆಗಿದೆ. 1990ರ ದಶಕದಲ್ಲಿ ಅಲ್ಲಿನ ನೋವು ತಜ್ಞರ ಸಂಘ, ನಾಡಿ, ಬಿಪಿ, ಜ್ವರ, ಉಸಿರಾಟದ ಜೊತೆ ನೋವನ್ನು ‘ಐದನೇ ವೈಟಲ್ ಸೈನ್’ ಅಂತ ನೋಡಬೇಕು ಅಂತ ಹೇಳಿತು. ಉದ್ದೇಶ ಒಳ್ಳೆಯದೇ. ನೋವನ್ನು ಯಾರೂ ಕೇಳುತ್ತಲೇ ಇರಲಿಲ್ಲ. 2001ರಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯೂ ಎಲ್ಲ ರೋಗಿಗಳ ನೋವನ್ನು ಅಳೆಯಬೇಕು ಅಂತ ನಿಯಮ ತಂದಿತು. ಬಿಪಿ ಹೆಚ್ಚಾದರೆ ಇಳಿಸಬೇಕು, ಹಾಗೇ ನೋವಿನ ಅಂಕಿಯನ್ನೂ ಇಳಿಸಬೇಕು ಅಂತಾಯಿತು. ಇಳಿಸೋಕೆ ಬೇಗ ಸಿಗುವ ದಾರಿ ಅಫೀಮಿನ ಜಾತಿಯ ಮಾತ್ರೆ. ಔಷಧ ಕಂಪನಿಗಳ ಪ್ರಚಾರವೂ ಜೋರಾಗಿತ್ತು. ಆ ಮಾತ್ರೆಗಳ ಚಟಕ್ಕೆ ಬಿದ್ದು ಸತ್ತವರ ಲೆಕ್ಕ ಏರುತ್ತಾ ಹೋಯಿತು. ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು ಅಂತ ಒಪ್ಪಿಕೊಂಡರು. 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನೋವನ್ನು ವೈಟಲ್ ಸೈನ್ ಅನ್ನುವುದನ್ನು ಬಿಡಬೇಕು ಅಂತ ನಿರ್ಣಯ ಮಾಡಿತು. ಅಂಕಿಯನ್ನು ನೋಡಿದರು, ಮನುಷ್ಯನನ್ನು ನೋಡಲಿಲ್ಲ.

ಅಂಕಿ ನೋಡಿ ಯಾರು ಬರ್ತಾರೆ?

ಇಷ್ಟೆಲ್ಲ ಓದಿ ನಮಗೆ ಸ್ವಲ್ಪ ನಿರಾಸೆಯೇ ಆಗಿತ್ತು. ಹಾಗಾದರೆ ಅಳೆಯುವುದೇ ದಂಡ ಅಲ್ವಾ ಅಂತ. ಆಗ ಗೈಡ್ ಮೇಡಂ ಒಂದು ಪೇಪರ್ ಕೊಟ್ಟರು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬಾಷ್ ಅನ್ನುವ ವೈದ್ಯರು ಮತ್ತು ಅವರ ತಂಡ ಮಾಡಿದ ಪ್ರಯೋಗ. ದೇಹದ ಬೇರೆ ಕಡೆಗೂ ಹರಡಿದ ಕ್ಯಾನ್ಸರ್‌ಗೆ ಕೀಮೋಥೆರಪಿ ತಗೊಳ್ಳುತ್ತಿದ್ದ 766 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಹಾಗೆ ಆರೈಕೆ. ಇನ್ನೊಂದು ಗುಂಪಿನವರು ವಾಕರಿಕೆ, ನೋವು, ಸುಸ್ತು, ಉಸಿರಾಟದ ತೊಂದರೆ ಅಂಥ 12 ಲಕ್ಷಣಗಳ ಬಗ್ಗೆ ಕಂಪ್ಯೂಟರ್‌ನಲ್ಲಿ ತಾವೇ ಅಂಕ ಕೊಡುತ್ತಿದ್ದರು. ಯಾವುದಾದರೂ ಒಂದು ಹೆಚ್ಚಾದರೆ ನರ್ಸ್‌ಗೆ ಒಂದು ಇಮೇಲ್ ಹೋಗುತ್ತಿತ್ತು. ಅಷ್ಟೇ. ಹೊಸ ಔಷಧ ಇಲ್ಲ, ಎಐ ಇಲ್ಲ.

ಆರೋಗ್ಯದ ಗುಣಮಟ್ಟ ಸುಧಾರಿಸಿದವರು ಎಂದಿನ ಆರೈಕೆಯಲ್ಲಿ ಶೇ. 18, ಅಂಕ ಕೊಡುತ್ತಿದ್ದವರಲ್ಲಿ ಶೇ. 34. ಇದನ್ನು ಅವರು ಅಳೆದದ್ದು ಮೇಲೆ ಹೇಳಿದ ಇಕ್ಯು-5ಡಿಯಲ್ಲೇ. ತುರ್ತು ವಿಭಾಗಕ್ಕೆ ಓಡಿಬಂದವರು ಶೇ. 41 ಮತ್ತು ಶೇ. 34. ಆಮೇಲೆ 2017ರಲ್ಲಿ ಬಂದ ಫಲಿತಾಂಶ ನೋಡಿ ನಾವು ಎರಡು ಸಲ ಓದಿದೆವು. ಬದುಕುಳಿದ ಅವಧಿಯ ಮೀಡಿಯನ್ ಒಂದು ಗುಂಪಿನಲ್ಲಿ 26 ತಿಂಗಳು, ಇನ್ನೊಂದರಲ್ಲಿ 31.2 ತಿಂಗಳು. ಐದು ತಿಂಗಳು ಹೆಚ್ಚು. ಒಂದು ಪ್ರಶ್ನಾವಳಿಯಿಂದ.

ಪ್ರಶ್ನಾವಳಿಯಿಂದ ಅನ್ನುವುದು ನಿಜ ಅಲ್ಲ. ಇಮೇಲ್ ಬಂದಾಗ ನಾಲ್ಕರಲ್ಲಿ ಮೂರು ಸಲಕ್ಕಿಂತ ಹೆಚ್ಚು, ನರ್ಸ್‌ಗಳು ಏನಾದರೂ ಮಾಡಿದರು. ಫೋನ್ ಮಾಡಿ ಮಾತಾಡಿದರು, ಮಾತ್ರೆ ಬದಲಿಸಿದರು, ಕೀಮೋ ಪ್ರಮಾಣ ಸರಿಪಡಿಸಿದರು, ಬೇರೆ ಡಾಕ್ಟರ್ ಹತ್ತಿರ ಕಳಿಸಿದರು. ತೊಂದರೆ ಬೇಗ ತಿಳಿದದ್ದರಿಂದ ಜನ ಕೀಮೋ ಚಿಕಿತ್ಸೆಯನ್ನು ಹೆಚ್ಚು ದಿನ ತಡೆದುಕೊಂಡರು. ಇನ್ನೊಂದು ವಿಷಯ ನಮಗೆ ಆಶ್ಚರ್ಯ ತಂದಿತು. ಮೊದಲಿಂದ ಕಂಪ್ಯೂಟರ್ ಗೊತ್ತಿಲ್ಲದವರಿಗೇ ಇದರಿಂದ ಹೆಚ್ಚು ಲಾಭ ಆಗಿತ್ತು. ಒಂದೇ ಆಸ್ಪತ್ರೆಯ ಪ್ರಯೋಗ, ಎಲ್ಲ ಕಡೆ ಇಷ್ಟೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಆದರೂ ಅಜ್ಜಿಯ ‘ನಾನು ಎಂಟು ಅಂದ್ರೆ ಏನ್ ಮಾಡ್ತಾರೆ?’ ಅನ್ನುವ ಪ್ರಶ್ನೆಗೆ ನಮಗೆ ಸಿಕ್ಕ ಮೊದಲ ಉತ್ತರ ಇದು.

ಅಷ್ಟು ಹೊತ್ತಿಗೆ ನಮ್ಮ ಎರಡನೇ ತಪ್ಪು ತಯಾರಾಗಿತ್ತು. ಒಂದು ಡ್ಯಾಶ್‌ಬೋರ್ಡ್. ಹಸಿರು, ಹಳದಿ, ಕೆಂಪು, ತಿರುಗುವ ಮುಳ್ಳು, ಎಲ್ಲಾ ಇತ್ತು. ಡೆಮೋ ದಿನ ಮೇಡಂ ಕೇಳಿದ್ದು, “ಕೆಂಪು ಬಂದರೆ ಯಾರ ಫೋನ್ ರಿಂಗ್ ಆಗುತ್ತೆ?” ಯಾರದೂ ಇಲ್ಲ. ಎರಡು ವಾರದ ಕೋಡ್ ಪಕ್ಕಕ್ಕಿಟ್ಟೆವು. ಈಗ ನಮ್ಮದು ಒಂದು ಪುಟದ ಫಾರ್ಮ್. ಓದೋಕೆ ಬಾರದವರಿಗೆ ಫೋನ್ ಅದನ್ನು ಓದಿ ಹೇಳುತ್ತೆ. ‘ನೋವು ಎಷ್ಟು?’ ಅನ್ನುವುದಕ್ಕೆ ಮೊದಲು ‘ರಾತ್ರಿ ಎಷ್ಟು ಸಲ ಎಚ್ಚರ ಆಯ್ತು?’ ಅಂತ ಇದೆ. ಕೊನೆಯ ಎರಡು ಕಾಲಂ ರೋಗಿಗಲ್ಲ: ‘ಯಾರು ನೋಡಿದರು’, ‘ಏನು ಮಾಡಿದರು’. ಅವು ಖಾಲಿ ಇರುವವರೆಗೂ ಫಾರ್ಮ್ ಮುಚ್ಚಲ್ಲ.

ಅಜ್ಜಿಯ ಮೂವತ್ತಾರರ ಕಥೆ ಬಾಕಿ ಇತ್ತು. ನಾವು ಡಾಕ್ಟರ್ ಅಲ್ಲ, ಅಂಕಿಗೆ ಅರ್ಥ ಹೇಳೋಕೆ ಹೋಗಲಿಲ್ಲ. ಬರೆದ ಹಾಳೆಯನ್ನು ಫಾಲೋಅಪ್ ದಿನ ಅವರ ಮಗನ ಕೈಯಲ್ಲಿ ಕಳಿಸಿದೆವು. ಡಾಕ್ಟರ್ ನಿದ್ದೆಯ ಸೊನ್ನೆ ನೋಡಿ, “ಏನಮ್ಮಾ, ನಿದ್ದೇನೇ ಇಲ್ಲ ಅಂತ ಮೊದಲೇ ಯಾಕೆ ಹೇಳಲಿಲ್ಲ?” ಅಂದರಂತೆ. “ನೀವು ನೋವು ಎಷ್ಟು ಅಂತ ತಾನೇ ಕೇಳಿದ್ದು ಡಾಕ್ಟ್ರೇ?” ಅಂದರಂತೆ ಅಜ್ಜಿ. ರಾತ್ರಿಯ ಮಾತ್ರೆ ಬದಲಾಯಿತು. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದಾಗ ನಿದ್ದೆಗೆ 3 ಬಂತು. ನೋವು ಎಷ್ಟಜ್ಜಿ ಅಂದರೆ ಈಗಲೂ “ಎರಡು”.

ಈ ಸೆಮಿಸ್ಟರ್‌ನಲ್ಲಿ ಫಾರ್ಮ್‌ನ ಕನ್ನಡವನ್ನು ಸರಿ ಮಾಡಬೇಕಿದೆ. ‘ಚೈತನ್ಯ’ ತೆಗೆದು ಸದ್ಯಕ್ಕೆ ‘ಮೈಯಲ್ಲಿ ಕಸುವು’ ಅಂತ ಹಾಕಿದ್ದೇವೆ, ಕರಾವಳಿಯವರಿಗೆ ಅದು ಹಿಡಿಸಿಲ್ಲ. ಕಲಬುರಗಿ, ಚಾಮರಾಜನಗರ, ಕುಂದಾಪುರ, ಕೊಡಗು ಕಡೆಯವರು ನಿಮ್ಮ ಮನೆಯ ಹಿರಿಯರು ಮೈ ಸರಿಯಿಲ್ಲದಾಗ, ಮನಸ್ಸು ಸರಿಯಿಲ್ಲದಾಗ ಏನಂತಾರೆ ಅಂತ ಕೇಳಿ ನಮಗೆ ಬರೆದು ಕೊಡಿ. ಬುಧವಾರ ಸಂಜೆ ಬಳಗದ ಮೀಟಿಂಗ್‌ನಲ್ಲಿ ನಾವು ನಾಲ್ವರೂ ಹಿಂದಿನ ಬೆಂಚಲ್ಲೇ ಇರ್ತೀವಿ.